ಫ್ಲೇವರ್ ಬ್ಲ್ಯಾಕ್ ಟೀ, ಬಿಡಿ ಎಲೆಯ ಗ್ರೀನ್ ಟೀ: ರುಚಿ ನೋಡಿ ಹೋಲಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಮೊದಲ ಭಾಗ ಹೊಸಬರಿಗೆ. ತಕ್ಕಡಿ, ಥರ್ಮಾಮೀಟರ್ ಈಗಾಗಲೇ ಕೈಯಲ್ಲಿರುವವರು ನೇರವಾಗಿ ಮೂರನೆಯ ಭಾಗಕ್ಕೆ ಹೋಗಬಹುದು.

## ಮೊದಲಿಗೆ

ಬ್ಲ್ಯಾಕ್ ಟೀ, ಗ್ರೀನ್ ಟೀ ಎರಡೂ ಒಂದೇ ಗಿಡದ್ದಂತೆ, ಹೌದಾ? ಹಾಗಿದ್ರೆ ರುಚಿ ಇಷ್ಟೊಂದು ಬೇರೆ ಯಾಕೆ?

ಹೌದು, ಎರಡೂ ಕಮೆಲಿಯಾ ಸೈನೆನ್ಸಿಸ್ ಗಿಡದ ಎಲೆಗಳೇ. ಮುಖ್ಯ ವ್ಯತ್ಯಾಸ ಹುಟ್ಟುವುದು ಕೊಯ್ದ ಮೇಲೆ. ಬ್ಲ್ಯಾಕ್ ಟೀಗೆ ಎಲೆಯನ್ನು ಬಾಡಿಸಿ, ಹೊಸೆದು, ಗಾಳಿಗೆ ಹರಡುತ್ತಾರೆ. ಹೊಸೆದಾಗ ಎಲೆಯ ಕೋಶಗಳು ಒಡೆದು ಒಳಗಿನ ಕಿಣ್ವಕ್ಕೆ ಆಮ್ಲಜನಕ ಸಿಗುತ್ತದೆ, ಕ್ಯಾಟೆಕಿನ್‌ಗಳು (ಎಲೆಯ ಕಹಿ, ಒಗರಿನ ಅಂಶಗಳು) ಥಿಯಾಫ್ಲೇವಿನ್, ಥಿಯಾರುಬಿಜಿನ್‌ಗಳಾಗಿ ಬದಲಾಗುತ್ತವೆ. ಕೆಂಪು ಬಣ್ಣ, ನಾಲಿಗೆಗೆ ತಾಗುವ ಚುರುಕು ಬರುವುದು ಅಲ್ಲಿಂದ. ಗ್ರೀನ್ ಟೀಯಲ್ಲಿ ಬೇಗನೆ ಕಾವು ಕೊಟ್ಟು ಕಿಣ್ವದ ಕೆಲಸವನ್ನೇ ನಿಲ್ಲಿಸುತ್ತಾರೆ, ಕ್ಯಾಟೆಕಿನ್ ಬಹುಪಾಲು ಹಾಗೇ ಉಳಿಯುತ್ತದೆ.

ಕಾವು ಕೊಟ್ಟ ರೀತಿಯೂ ಕಪ್ಪಿನಲ್ಲಿ ಗೊತ್ತಾಗುತ್ತದೆ. ಚೀನಾದ ಲಾಂಗ್‌ಜಿಂಗ್‌ನಂತೆ ಬಾಣಲೆಯಲ್ಲಿ ಹುರಿದ ಎಲೆಗೆ ಹುರಿದ ಬೀಜದ ಪರಿಮಳ. ಜಪಾನಿನ ಸೆಂಚಾದಂತೆ ಹಬೆಯಲ್ಲಿ ಬೇಯಿಸಿದ್ದಕ್ಕೆ ಹಸಿ ಹುಲ್ಲು, ಬೇಯಿಸಿದ ಸೊಪ್ಪು, ಕೆಲವೊಮ್ಮೆ ಕಡಲಕಳೆಯ ವಾಸನೆ. ಇವೆರಡನ್ನು ಪಕ್ಕ ಪಕ್ಕ ಇಟ್ಟು ಒಂದು ತಾಜಾ, ಇನ್ನೊಂದು ಹಳತು ಎಂದು ತೀರ್ಮಾನಿಸುವವರು ಬಹಳ. ಅವು ಎರಡು ಬೇರೆ ತಯಾರಿಕೆಗಳು, ಅಷ್ಟೇ.

ಫ್ಲೇವರ್ ಟೀ ಅಂದ್ರೆ ಏನು ಬೆರೆಸಿರ್ತಾರೆ? ಎಲ್ಲಾ ಎಸೆನ್ಸೇನಾ?

ಎಲ್ಲವೂ ಅಲ್ಲ. ಎಣ್ಣೆ ಅಥವಾ ಎಸೆನ್ಸನ್ನು ಒಣಗಿದ ಎಲೆಯ ಮೇಲೆ ಸಿಂಪಡಿಸಿ ಕಲಸುವುದು ಬಹು ಸಾಮಾನ್ಯವಾದ ದಾರಿ. ಅರ್ಲ್ ಗ್ರೇ ಈ ಗುಂಪಿನದು: ಅದರ ಘಮ ಬರ್ಗಮಾಟ್ ಎಂಬ ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆಯದು, ಆ ಹಣ್ಣಿನ ಹೆಸರಾಂತ ನೆಲೆ ಇಟಲಿಯ ಕಲಾಬ್ರಿಯಾ. ಏಲಕ್ಕಿ, ಶುಂಠಿ, ದಾಲ್ಚಿನ್ನಿ, ಕಿತ್ತಳೆ ಸಿಪ್ಪೆಯಂಥವನ್ನು ಎಲೆಯ ಜೊತೆಗೇ ಬೆರೆಸುವುದು ಇನ್ನೊಂದು ದಾರಿ. ಗುಲಾಬಿ, ಮಲ್ಲಿಗೆಯಂಥ ಹೂವಿನ ನಡುವೆ ಎಲೆಯನ್ನಿಟ್ಟು ಪರಿಮಳ ಹೀರಿಸುವುದೂ ಉಂಟು. ಚೀನಾದ ಫುಜಿಯಾನ್ ಪ್ರಾಂತದ ಲಾಪ್ಸಾಂಗ್ ಸೂಚಾಂಗ್‌ಗೆ ಘಮ ಕೊಡುವುದು ಪೈನ್ ಕಟ್ಟಿಗೆಯ ಹೊಗೆ.

ಪೊಟ್ಟಣದೊಳಗೆ ಕಾಣುವ ನೀಲಿ ಕಾರ್ನ್‌ಫ್ಲವರ್ ದಳ, ಹಣ್ಣಿನ ಚೂರುಗಳು ಹೆಚ್ಚಾಗಿ ಕಣ್ಣಿಗಾಗಿ ಇರುವಂಥವು. ಮೂರು ನಿಮಿಷದಲ್ಲಿ ಒಂದು ಒಣ ಸೇಬಿನ ಚೂರು ಕಪ್ಪಿಗೆ ಕೊಡುವ ರುಚಿ ತೀರಾ ಕಡಿಮೆ. ಏನು ಬೆರೆಸಿದ್ದಾರೆ ಎಂದು ತಿಳಿಯಲು ಲೇಬಲ್ ಹಿಂಭಾಗದ ಪದಾರ್ಥಗಳ ಪಟ್ಟಿ ಓದಿ. ಮುಂಭಾಗದ ಚಿತ್ರವನ್ನು ನಂಬಬೇಡಿ.

ಹೋಲಿಸೋಕೆ ಏನೇನು ಸಾಮಾನು ಬೇಕು?

0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ, ಒಂದೇ ಅಳತೆಯ ಬಿಳಿ ಪಿಂಗಾಣಿ ಕಪ್‌ಗಳು (150 ಮಿಲಿ ಹಿಡಿಯುವಂಥವು, ಪ್ರತಿ ಚಹಾಕ್ಕೆ ಎರಡು: ಒಂದು ನೆನೆಸಲು, ಒಂದು ಸೋಸಲು), ಮುಚ್ಚಲು ಸಾಸರ್‌ಗಳು, ಸಣ್ಣ ಕಣ್ಣಿನ ಸ್ಟೀಲ್ ಜರಡಿ, ಟೈಮರ್, ಚಮಚಗಳು, ಉಗುಳಲು ಒಂದು ಲೋಟ, ಪೆನ್ನು ಮತ್ತು ಹಾಳೆ. ಬಿಳಿ ಕಪ್ ಏಕೆಂದರೆ ಬಣ್ಣದ ಕಪ್ಪಿನಲ್ಲಿ ಚಹಾದ ಬಣ್ಣ ಹೋಲಿಸಲಾಗದು. ಥರ್ಮಾಮೀಟರ್ ಇದ್ದರೆ ಒಳ್ಳೆಯದು.

ಒಂದು ಚಮಚ ಅಂತ ಹಾಕಿದ್ರೆ ಸಾಲದಾ? ತೂಕ ಮಾಡ್ಲೇಬೇಕಾ?

ದಿನಾ ಕುಡಿಯಲು ಚಮಚ ಸಾಕು, ಹೋಲಿಸಲು ಸಾಲದು. ಗನ್‌ಪೌಡರ್ ಗ್ರೀನ್ ಟೀಯ ಎಲೆ ಗುಂಡಾಗಿ ಸುತ್ತಿಕೊಂಡಿರುತ್ತದೆ, ಹುವಾಂಗ್‌ಶಾನ್ ಮಾವ್‌ಫೆಂಗ್‌ನ ಎಲೆ ಹಗುರವಾಗಿ ಬಿಡಿಬಿಡಿಯಾಗಿರುತ್ತದೆ. ಒಂದೇ ಚಮಚದಲ್ಲಿ ಮೊದಲನೆಯದು ಎರಡನೆಯದರ ಎರಡರಷ್ಟೋ ಇನ್ನೂ ಹೆಚ್ಚೋ ತೂಗಬಹುದು. ಆಗ ನೀವು ಹೋಲಿಸುತ್ತಿರುವುದು ಗಟ್ಟಿ ಚಹಾವನ್ನು ತೆಳು ಚಹಾದೊಂದಿಗೆ.

100 ಮಿಲಿ ನೀರಿಗೆ 2 ಗ್ರಾಂ ಎಂಬ ಲೆಕ್ಕದಿಂದ ಶುರು ಮಾಡಿ, ಅಂದರೆ 150 ಮಿಲಿ ಕಪ್ಪಿಗೆ 3 ಗ್ರಾಂ. ಹಣ್ಣಿನ ಚೂರು, ಸಿಪ್ಪೆ ಬೆರೆಸಿದ ಫ್ಲೇವರ್ ಟೀಗಳಲ್ಲಿ ತೂಕದ ಒಂದು ಪಾಲು ಚಹಾವೇ ಅಲ್ಲ. ಅಂಥದ್ದಕ್ಕೆ 3.5 ಗ್ರಾಂ ಹಾಕಿ, ಹಾಕಿದ್ದನ್ನು ಬರೆದಿಡಿ. ಪೊಟ್ಟಣವನ್ನು ಮೆಲ್ಲಗೆ ತಿರುಗಿಸಿ ಮಿಶ್ರಣ ಸಮ ಮಾಡಿಕೊಂಡೇ ಎಲೆ ತೆಗೆಯಬೇಕು. ಇಲ್ಲದಿದ್ದರೆ ಭಾರದ ಚೂರುಗಳೆಲ್ಲ ತಳದಲ್ಲಿ ಉಳಿದು ಕೊನೆಯ ಕಪ್ ಬರೀ ಶುಂಠಿಯಾಗುತ್ತದೆ.

ಗ್ರೀನ್ ಟೀ ಮಾಡಿದಾಗೆಲ್ಲ ಕಹಿ ಬರುತ್ತೆ. ಎಲೆ ಕೆಟ್ಟದ್ದಾ, ನಾನು ಮಾಡೋದು ತಪ್ಪಾ?

ಎಲೆಯನ್ನು ದೂರುವ ಮೊದಲು ನೀರನ್ನು ನೋಡಿ. ಕುದಿಯುವ ನೀರಿನಲ್ಲಿ ಕ್ಯಾಟೆಕಿನ್, ಕೆಫೀನ್ ಎರಡೂ ಬೇಗ, ಹೆಚ್ಚು ಇಳಿಯುತ್ತವೆ. ಸಿಹಿ ಛಾಯೆಯ ಗಾಢ ರುಚಿ ಕೊಡುವ ಥಿಯಾನೈನ್ ಎಂಬ ಅಮೈನೋ ಆಮ್ಲ ತಗ್ಗಿದ ಉಷ್ಣದಲ್ಲೂ ಸಲೀಸಾಗಿ ಇಳಿಯುತ್ತದೆ. ನೀರಿನ ಬಿಸಿ ತಗ್ಗಿಸಿದರೆ ಕಹಿ ತಗ್ಗುತ್ತದೆ, ಗಾಢತೆ ಉಳಿಯುತ್ತದೆ. ಶುರು ಮಾಡಲು ಈ ಅಳತೆಗಳು:

- ಗ್ಯೊಕುರೊ (ನೆರಳಿನಲ್ಲಿ ಬೆಳೆಸಿದ ಜಪಾನಿ ಗ್ರೀನ್ ಟೀ): 50–60 ಡಿಗ್ರಿ, 100 ಮಿಲಿಗೆ 5 ಗ್ರಾಂ, 2 ನಿಮಿಷ
- ಸೆಂಚಾ: 70–80 ಡಿಗ್ರಿ, 2–3 ಗ್ರಾಂ, 1 ನಿಮಿಷ
- ಲಾಂಗ್‌ಜಿಂಗ್, ಬಿಲೋಚುನ್: 75–85 ಡಿಗ್ರಿ, 2 ಗ್ರಾಂ, 2 ನಿಮಿಷ
- ಗನ್‌ಪೌಡರ್: 80–85 ಡಿಗ್ರಿ, 2 ಗ್ರಾಂ, 2–3 ನಿಮಿಷ
- ಹೋಜಿಚಾ, ಬಾಂಚಾ: 90 ಡಿಗ್ರಿಗೂ ಮೇಲೆ, 2–3 ಗ್ರಾಂ, ಅರ್ಧದಿಂದ 1 ನಿಮಿಷ

ಕೊನೆಯ ಸಾಲು ಹಲವರಿಗೆ ಅಚ್ಚರಿ. ಹೋಜಿಚಾ ಚೆನ್ನಾಗಿ ಹುರಿದ ಎಲೆ, ಬಾಂಚಾ ಬಲಿತ ಎಲೆ. ಎರಡೂ ಕುದಿನೀರನ್ನು ತಾಳುತ್ತವೆ, ಬೆಚ್ಚಗಿನ ನೀರಿನಲ್ಲಿ ಸಪ್ಪೆಯಾಗುತ್ತವೆ. ಗ್ರೀನ್ ಟೀ ಎಂದ ಕೂಡಲೇ 80 ಡಿಗ್ರಿ ಎನ್ನುವ ಸೂತ್ರ ಅರ್ಧಂಬರ್ಧ ಸರಿ.

ಇನ್ನೂ ಅನುಮಾನವಿದ್ದರೆ ಅದೇ ಎಲೆಯನ್ನು ತಣ್ಣೀರಿನಲ್ಲಿ ನೆನೆಸಿ ನೋಡಿ: 1 ಲೀಟರಿಗೆ 10 ಗ್ರಾಂ, ಫ್ರಿಜ್‌ನಲ್ಲಿ 6ರಿಂದ 8 ಗಂಟೆ. ಅದರಲ್ಲೂ ಒರಟು ಕಹಿ, ಮುಗ್ಗಲು ರುಚಿ ಬಂದರೆ ದೋಷ ಎಲೆಯದ್ದೇ.

ಥರ್ಮಾಮೀಟರ್ ಇಲ್ಲ. 80 ಡಿಗ್ರಿ ನೀರು ಹೇಗೆ ಮಾಡೋದು?

ಅಳತೆಯಿಂದ. ಕುದಿಯುವ ನೀರು 3 ಪಾಲಿಗೆ 25 ಡಿಗ್ರಿಯ ಕುಡಿಯುವ ನೀರು 1 ಪಾಲು ಬೆರೆಸಿದರೆ ಸುಮಾರು 81 ಡಿಗ್ರಿ. 2 ಪಾಲಿಗೆ 1 ಪಾಲಾದರೆ 75, ಸಮ ಪಾಲಾದರೆ 62ರ ಆಸುಪಾಸು. ಪಾತ್ರೆ ತಣ್ಣಗಿದ್ದರೆ ಇನ್ನೂ ಕೆಲವು ಡಿಗ್ರಿ ಇಳಿಯುತ್ತದೆ, ಆದ್ದರಿಂದ ಮೊದಲು ಬಿಸಿ ನೀರಿನಲ್ಲಿ ಗಲಬರಿಸಿ ಚೆಲ್ಲಿ. ಎತ್ತರದ ಊರುಗಳಲ್ಲಿ ಸುಮಾರು 300 ಮೀಟರ್ ಏರಿದಂತೆ ಕುದಿಬಿಂದು 1 ಡಿಗ್ರಿಯಷ್ಟು ಇಳಿಯುವುದೂ ಲೆಕ್ಕಕ್ಕೆ ಬರುತ್ತದೆ. ಗ್ರೀನ್ ಟೀಗೆ ಅದು ಚಿಂತೆಯಲ್ಲ. 1,500 ಮೀಟರ್ ಎತ್ತರದಲ್ಲಿ ಬ್ಲ್ಯಾಕ್ ಟೀ ಸ್ವಲ್ಪ ತೆಳುವಾದರೆ ಮಾತ್ರ ಕಾರಣ ಇದೇ.

## ರುಚಿ ನೋಡುವಾಗ

ಟೀ ಟೇಸ್ಟರ್‌ಗಳು ಸೊರ್ರ್ ಅಂತ ಶಬ್ದ ಮಾಡ್ತಾ ಹೀರೋದು ಯಾಕೆ? ಮನೇಲೂ ಹಾಗೇ ಮಾಡಬೇಕಾ?

ಮಾಡಿ, ನಾಚಬೇಡಿ. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ (ಥಿಯಾನೈನ್ ಕೊಡುವಂಥ ಗಾಢ ರುಚಿ) ಇಷ್ಟೇ. ಬರ್ಗಮಾಟ್, ಗುಲಾಬಿ, ಹುರಿದ ಬೀಜ, ಹುಲ್ಲು ಎಂದು ನಾವು ಹೇಳುವುದೆಲ್ಲ ಮೂಗಿನ ಕೆಲಸ. ಗಾಳಿ ಸಮೇತ ಜೋರಾಗಿ ಹೀರಿದಾಗ ಚಹಾ ತುಂತುರಾಗಿ ಬಾಯಿ ತುಂಬ ಹರಡಿ, ಪರಿಮಳ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ಮೂಗು ಮುಚ್ಚಿಕೊಂಡು ಒಂದು ಗುಟುಕು ಅರ್ಲ್ ಗ್ರೇ ಕುಡಿದು, ಬಾಯಲ್ಲಿರುವಾಗಲೇ ಮೂಗು ಬಿಡಿ. ಫ್ಲೇವರ್ ಎಲ್ಲಿರುತ್ತದೆ ಎಂದು ಒಂದೇ ಸಲಕ್ಕೆ ತಿಳಿಯುತ್ತದೆ.

ಚಹಾ 50 ಡಿಗ್ರಿಯ ಆಸುಪಾಸಿಗೆ ಇಳಿಯುವವರೆಗೆ ಕಾಯಿರಿ. ತೀರಾ ಬಿಸಿ ಇದ್ದಾಗ ನಾಲಿಗೆ ಸುಡುವುದಷ್ಟೇ, ರುಚಿ ತಿಳಿಯದು. ಅದೇ ಕಪ್ಪನ್ನು ತಣ್ಣಗಾದ ಮೇಲೆ ಇನ್ನೊಮ್ಮೆ ನೋಡಿ: ಬಿಸಿಯಲ್ಲಿ ಮರೆಯಾಗಿದ್ದ ಒರಟು ಕಹಿ, ಎಸೆನ್ಸಿನ ಸಾಬೂನು ವಾಸನೆ ಆಗ ಹೊರಬರುತ್ತವೆ. ತಣಿದ ಕಪ್ ಸುಳ್ಳು ಹೇಳುವುದು ಕಡಿಮೆ.

ಕಹಿ, ಒಗರು ಎರಡೂ ನನಗೆ ಒಂದೇ ಥರ ಅನ್ಸುತ್ತೆ. ಹೇಗೆ ಬೇರೆ ಮಾಡೋದು?

ಕಹಿ ಒಂದು ರುಚಿ. ಒಗರು ಒಂದು ಸ್ಪರ್ಶ: ಚಹಾದ ಪಾಲಿಫಿನಾಲ್‌ಗಳು (ಕ್ಯಾಟೆಕಿನ್, ಥಿಯಾಫ್ಲೇವಿನ್‌ಗಳಿರುವ ಗುಂಪು) ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡಾಗ ಬಾಯಿಯ ಜಾರುತನ ಹೋಗಿ ಕೆನ್ನೆಯ ಒಳಭಾಗ, ಒಸಡು ಬಿಗಿದಂತಾಗುತ್ತದೆ. ಗುಟುಕು ನುಂಗಿ ಹತ್ತು ಸೆಕೆಂಡ್ ಸುಮ್ಮನಿದ್ದು ನಾಲಿಗೆಯನ್ನು ಅಂಗುಳಿಗೆ ಉಜ್ಜಿ ನೋಡಿ. ತರಿತರಿ ಎನಿಸಿದರೆ ಒಗರು. ಇನ್ನೊಂದು ಪರೀಕ್ಷೆ, ಗಟ್ಟಿ ಬ್ಲ್ಯಾಕ್ ಟೀಗೆ ಒಂದು ಚಮಚ ಹಾಲು ಹಾಕುವುದು. ಹಾಲಿನ ಕೇಸಿನ್ ಎಂಬ ಪ್ರೋಟೀನ್ ಪಾಲಿಫಿನಾಲ್‌ಗಳನ್ನು ಕಟ್ಟಿಹಾಕುವುದರಿಂದ ಒಗರು ಗಣನೀಯವಾಗಿ ಇಳಿಯುತ್ತದೆ. ಹಾಳೆಯಲ್ಲಿ ಇವೆರಡಕ್ಕೆ ಬೇರೆ ಬೇರೆ ಸಾಲು ಇರಲಿ. ಹದವಾದ ಒಗರು ಬ್ಲ್ಯಾಕ್ ಟೀಯಲ್ಲಿ ಗುಣ, ಉಳಿದುಕೊಳ್ಳುವ ಕಹಿ ಬಹುಪಾಲು ದೋಷ.

ಯಾವುದನ್ನ ಮೊದಲು ಕುಡೀಬೇಕು? ಒಂದೇ ಸಲಕ್ಕೆ ಎಷ್ಟು ಕಪ್?

ಮೆದುವಿನಿಂದ ಗಟ್ಟಿಗೆ. ಫ್ಲೇವರ್ ಇಲ್ಲದ ಗ್ರೀನ್ ಟೀ, ಆಮೇಲೆ ಹುರಿದ ಗ್ರೀನ್ ಟೀ, ಮಲ್ಲಿಗೆ ಹೀರಿಸಿದ್ದು, ಬರೀ ಬ್ಲ್ಯಾಕ್ ಟೀ, ಹೂ ಮತ್ತು ಹಣ್ಣಿನ ಫ್ಲೇವರ್‌ಗಳು, ಮಸಾಲೆ. ಹೊಗೆಯ ಲಾಪ್ಸಾಂಗ್ ಯಾವಾಗಲೂ ಕಟ್ಟಕಡೆಗೆ. ಅದರ ನಂತರ ಸೆಂಚಾ ರುಚಿ ನೋಡುವುದರಲ್ಲಿ ಅರ್ಥವಿಲ್ಲ. ಒಣ ಎಲೆಯ ಪೊಟ್ಟಣಗಳನ್ನೂ ಇದೇ ಕ್ರಮದಲ್ಲಿ ಬಿಚ್ಚಿ. ದಾಲ್ಚಿನ್ನಿ ಟೀಯ ಪೊಟ್ಟಣ ಮೇಜಿನ ಮೇಲೆ ತೆರೆದಿದ್ದರೆ ಇಡೀ ಕೋಣೆಯೇ ದಾಲ್ಚಿನ್ನಿ.

ಹೊಸಬರಿಗೆ ಒಂದು ಸಲಕ್ಕೆ ನಾಲ್ಕು ಕಪ್ ಸಾಕು. ಆರಕ್ಕಿಂತ ಹೆಚ್ಚಾದರೆ ಟಿಪ್ಪಣಿಗಳೆಲ್ಲ ಒಂದೇ ರೀತಿ ಕಾಣತೊಡಗುತ್ತವೆ.

ಮಧ್ಯ ಮಧ್ಯ ಬಾಯಿ ತೊಳೆಯೋಕೆ ಏನು ಒಳ್ಳೇದು?

ಉಗುರು ಬೆಚ್ಚಗಿನ ನೀರು, ಬೇಕಿದ್ದರೆ ಉಪ್ಪು, ಸಕ್ಕರೆ ಇಲ್ಲದ ಒಂದು ಚೂರು ಬ್ರೆಡ್. ಪುದೀನ, ಸೋಂಪು ಬೇಡ. ಮೂಗು ದಣಿದಿದ್ದರೆ ನಿಮ್ಮದೇ ತೋಳನ್ನು ಮೂಸಿ ಎರಡು ನಿಮಿಷ ಕಾಯಿರಿ. ಸುಗಂಧ ಹಚ್ಚಿಕೊಂಡು ಕೂರಬೇಡಿ.

ಪೊಟ್ಟಣ ಬಿಚ್ಚಿದ್ರೆ ಸ್ಟ್ರಾಬೆರಿ ಘಮಘಮ, ಕಪ್ಪಲ್ಲಿ ಏನೂ ಇಲ್ಲ. ಮೋಸನಾ?

ಬಹುಪಾಲು ಮೋಸವಲ್ಲ, ನಿರೀಕ್ಷೆಯ ಗೊಂದಲ. ಹಣ್ಣು ಎಂದರೆ ಪರಿಮಳದ ಜೊತೆ ಸಕ್ಕರೆ, ಹುಳಿ. ಎಸೆನ್ಸ್ ಕೊಡುವುದು ಪರಿಮಳವೊಂದನ್ನೇ. ಒಣ ಎಲೆ ಮೂಸಿದಾಗ ಮಿದುಳು ಉಳಿದೆರಡನ್ನು ತಾನೇ ತುಂಬಿಕೊಳ್ಳುತ್ತದೆ, ಬಾಯಿಗೆ ಬಂದಾಗ ಅವು ಇರುವುದಿಲ್ಲ. ಕಾಲು ಚಮಚ ಸಕ್ಕರೆ ಹಾಕಿ ನೋಡಿ, ಸ್ಟ್ರಾಬೆರಿ ತಟ್ಟನೆ ಮರಳುತ್ತದೆ. ಇದೇ ಕೊರತೆ ತುಂಬಲು ಕೆಲವು ಮಿಶ್ರಣಗಳಲ್ಲಿ ಹುಳಿಗೆ ಒಣಗಿದ ರೋಸೆಲ್ ದಾಸವಾಳ, ಸಿಹಿಗೆ ಅತಿಮಧುರದ ಬೇರು ಹಾಕಿರುತ್ತಾರೆ. ಅತಿಮಧುರದ ಸಿಹಿ ತಡವಾಗಿ ಬಂದು ಗಂಟಲಲ್ಲೇ ಕೂರುವುದರಿಂದ ಪತ್ತೆ ಸುಲಭ.

ಸಕ್ಕರೆ ಹಾಕಿದರೂ ಬರಲಿಲ್ಲವೆಂದರೆ ಎಲೆ ಹಳತಾಗಿರಬಹುದು, ಇಲ್ಲವೇ ಮುಚ್ಚದೆ ನೆನೆಸಿರಬಹುದು. ಬೇಗ ಆವಿಯಾಗುವ ಎಣ್ಣೆಗಳಿವು. ಸಾಸರ್ ಮುಚ್ಚಿ, ಮೂರು ನಿಮಿಷದ ನಂತರ ತೆಗೆದು, ಮೊದಲು ಸಾಸರಿನ ಒಳಮೈಯನ್ನೇ ಮೂಸಿ ನೋಡಿ. ಪರಿಮಳ ಅಲ್ಲಿ ಸ್ಪಷ್ಟವಾಗಿ ಸಿಗುತ್ತದೆ.

ಹಾಲು, ಸಕ್ಕರೆ, ನಿಂಬೆ ಹಾಕಿ ಹೋಲಿಸಬಹುದಾ?

ಮೊದಲ ಸುತ್ತು ಬರಿದಾಗಿ, ಎರಡನೆಯ ಸುತ್ತು ನೀವು ಕುಡಿಯುವ ಹಾಗೆ. ಹಾಲಿಗೆಂದೇ ಮಾಡಿದ ಮಸಾಲೆ ಮಿಶ್ರಣವನ್ನು ಬರೀ ನೀರಿನಲ್ಲಿ ಮಾತ್ರ ಕುಡಿದು ಒರಟು ಎನ್ನುವುದು ಅನ್ಯಾಯ. ಎರಡನೆಯ ಸುತ್ತಿನಲ್ಲಿ ಹಾಲನ್ನೂ ಅಳೆಯಿರಿ: 100 ಮಿಲಿ ಚಹಾಕ್ಕೆ 15 ಮಿಲಿ ಸಾಕು. ನಿಂಬೆ ಬ್ಲ್ಯಾಕ್ ಟೀಯ ಬಣ್ಣವನ್ನೇ ತಿಳಿಯಾಗಿಸುತ್ತದೆ, ಅರ್ಲ್ ಗ್ರೇಯಲ್ಲಿ ಬರ್ಗಮಾಟನ್ನು ನುಂಗುತ್ತದೆ. ಬಣ್ಣ, ಪರಿಮಳಕ್ಕೆ ಅಂಕ ಹಾಕಿದ ಮೇಲೆಯೇ ಅದು ಬರಲಿ. ಬಿಡಿ ಎಲೆಯ ಗ್ರೀನ್ ಟೀಗೆ ಹಾಲು ಹಾಕಿ ಹೋಲಿಸುವ ಅಗತ್ಯ ನಮಗಂತೂ ಕಂಡಿಲ್ಲ.

ಟಿಪ್ಪಣಿ ಬರೆಯೋಕೆ ಕೂತ್ರೆ ಚೆನ್ನಾಗಿದೆ, ಚೆನ್ನಾಗಿಲ್ಲ ಬಿಟ್ಟು ಪದಗಳೇ ಹೊಳೆಯಲ್ಲ. ಏನು ಬರೀಲಿ?

ಕಾವ್ಯ ಬೇಡ, ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಮೊದಲು ಬಂದದ್ದೇನು, ನಡುವೆ ಏನು, ನುಂಗಿದ ಮೇಲೆ ಉಳಿದದ್ದೇನು, ಎಷ್ಟು ಹೊತ್ತು? ಬಾಯಲ್ಲಿ ತೆಳುವೋ ದಪ್ಪವೋ? ಒಗರು ಎಲ್ಲಿ ಹಿಡಿಯಿತು, ನಾಲಿಗೆಯಲ್ಲೋ ಕೆನ್ನೆಯಲ್ಲೋ? ವಾಸನೆಗೆ ಗುಂಪಿನಿಂದ ಹೊರಡಿ: ಹೂವು, ಹಣ್ಣು, ಸೊಪ್ಪು, ಬೀಜ, ಮಸಾಲೆ, ಕಟ್ಟಿಗೆ, ಹೊಗೆ. ಸೊಪ್ಪು ಎಂದು ಗೊತ್ತಾದ ಮೇಲೆ ಹಸಿಯೋ ಬೆಂದದ್ದೋ ಒಣಗಿದ್ದೋ ಎಂದು ಒಳಗಿಳಿಯಿರಿ. ಪೊಟ್ಟಣದ ಮೇಲಿನ ವರ್ಣನೆಯನ್ನು ಮುಂಚೆ ಓದಿದರೆ ನೀವು ಬರೆಯುವುದು ಅದನ್ನೇ.

## ಎಲೆ, ನೀರು, ಡಬ್ಬಿ

ಸೋಸಿದ ಮೇಲೆ ಉಳಿದ ಎಲೆ ನೋಡಿ ಏನು ಗೊತ್ತಾಗುತ್ತೆ?

ಒಣ ಎಲೆ ಮುಚ್ಚಿಡುವುದನ್ನು ನೆನೆದ ಎಲೆ ಬಿಚ್ಚಿಡುತ್ತದೆ. ಬಿಳಿ ತಟ್ಟೆಯಲ್ಲಿ ಹರಡಿ. ಒಳ್ಳೆಯ ವಸಂತದ ಗ್ರೀನ್ ಟೀಯಲ್ಲಿ ಕುಡಿ ಮತ್ತು ಒಂದೆರಡು ಎಳೆ ಎಲೆಗಳು ಒಟ್ಟಿಗೇ ಕಾಣುತ್ತವೆ, ಬಣ್ಣ ಬೆಳಕಾದ ಹಸಿರು, ಮುಟ್ಟಿದರೆ ಮೆತ್ತಗೆ. ಅಂಚು ಕೆಂಪಾಗಿದ್ದರೆ ಕಾವು ಕೊಡುವುದು ತಡವಾಗಿದೆ. ಕಪ್ಪು ಚುಕ್ಕೆಗಳಿದ್ದರೆ ಬಾಣಲೆಯಲ್ಲಿ ಸೀದಿದೆ, ಸೀದ ವಾಸನೆ ಕಪ್ಪಿನಲ್ಲೂ ಸಿಗುತ್ತದೆ. ಇಡೀ ಎಲೆಯೇ ಮಂಕು ಕಂದಾಗಿದ್ದರೆ ಹಳತು. ಹಬೆಯಲ್ಲಿ ಹೆಚ್ಚು ಹೊತ್ತು ಬೆಂದ ಜಪಾನಿ ಎಲೆ ಪುಡಿಪುಡಿಯಾಗಿರುವುದು ಸಹಜ, ಅದು ದೋಷವಲ್ಲ.

ಬ್ಲ್ಯಾಕ್ ಟೀಯಲ್ಲಿ ಹೊಳೆಯುವ ತಾಮ್ರದ ಬಣ್ಣ ಒಳ್ಳೆಯ ಲಕ್ಷಣ. ಫ್ಲೇವರ್ ಟೀಯಲ್ಲಿ ಇದೇ ಪರೀಕ್ಷೆ ಇನ್ನೂ ಮುಖ್ಯ, ಏಕೆಂದರೆ ಮೂಗಿಗೆ ಮೋಸ ಮಾಡಿದ ಎಸೆನ್ಸ್ ಕಣ್ಣಿಗೆ ಮೋಸ ಮಾಡಲಾರದು. ದಳ, ಚೂರುಗಳನ್ನು ಬೆರಳಿಂದ ಪಕ್ಕಕ್ಕೆ ಸರಿಸಿ, ಉಳಿದ ಚಹಾ ಎಷ್ಟಿದೆ, ಎಲೆಯೋ ಧೂಳೋ ನೋಡಿ.

ಕಪ್ಪಿನ ಮೇಲೆ ಧೂಳಿನಂಥದ್ದು ತೇಲುತ್ತೆ, ಕೆಲವು ಸಲ ಚಹಾ ಮಸುಕಾಗುತ್ತೆ. ಕೊಳಕಾ?

ನಾಲ್ಕು ಬೇರೆ ಸಂಗತಿಗಳನ್ನು ಜನ ಒಂದೇ ಎಂದು ತಿಳಿಯುತ್ತಾರೆ. ಬಿಲೋಚುನ್‌ನಂಥ ಎಳೆ ಕುಡಿಯ ಚಹಾದಲ್ಲಿ ತೇಲುವ ನವಿರು ಎಳೆಗಳು ಕುಡಿಯ ಮೇಲಿನ ರೋಮಗಳು. ಹೆಚ್ಚು ಹೊತ್ತು ಹಬೆಯಾಡಿಸಿದ ಸೆಂಚಾ ಮಸುಕಾಗಿರುವುದು ಎಲೆಯ ಸಣ್ಣ ಕಣಗಳಿಂದ. ಗಟ್ಟಿ ಬ್ಲ್ಯಾಕ್ ಟೀ ತಣ್ಣಗಾದಾಗ ಮಂಜಾಗುವುದು ಕೆಫೀನ್ ಮತ್ತು ಪಾಲಿಫಿನಾಲ್‌ಗಳು ಕೂಡಿಕೊಳ್ಳುವುದರಿಂದ, ಮತ್ತೆ ಬಿಸಿ ಮಾಡಿದರೆ ತಿಳಿಯಾಗುತ್ತದೆ. ಮೇಲೆ ಒಡೆದ ಗಾಜಿನಂತೆ ಬಿರುಕು ಬಿಡುವ ತೆಳು ಪೊರೆ ಗಡಸು ನೀರಿನದು. ಕಡಿಮೆ ಖನಿಜದ ನೀರಿನಲ್ಲಿ ಅದೇ ಚಹಾ ಮಾಡಿದರೆ ಪೊರೆ ಕಟ್ಟುವುದಿಲ್ಲ.

ನೀರು ಬದಲಾದ್ರೆ ರುಚಿ ನಿಜಕ್ಕೂ ಬದಲಾಗುತ್ತಾ?

ಬಹಳ. ಗಡಸು ನೀರಿನ ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಬ್ಲ್ಯಾಕ್ ಟೀಯ ಬಣ್ಣವನ್ನು ಕಪ್ಪಾಗಿಸಿ ಚುರುಕನ್ನು ಮಂಕಾಗಿಸುತ್ತವೆ. ಗ್ರೀನ್ ಟೀಯಲ್ಲಿ ಪರಿಮಳ ಸತ್ತು ಬಣ್ಣ ಹಳದಿ-ಕಂದಿಗೆ ತಿರುಗುತ್ತದೆ. ಹಾಗೆಂದು ಖನಿಜವೇ ಇಲ್ಲದ ಡಿಸ್ಟಿಲ್ಡ್ ನೀರೂ ಬೇಡ, ಚಹಾ ಚಪ್ಪಟೆಯಾಗುತ್ತದೆ. ಲೀಟರಿಗೆ 50ರಿಂದ 150 ಮಿಲಿಗ್ರಾಂ ಕರಗಿದ ಖನಿಜವಿರುವ ನೀರು ಒಳ್ಳೆಯ ನಡುದಾರಿ. ಕ್ಲೋರಿನ್ ವಾಸನೆಯಿದ್ದರೆ ಇಂಗಾಲದ ಫಿಲ್ಟರ್‌ನಲ್ಲಿ ಹಾಯಿಸಿ. ಒಂದು ಹೋಲಿಕೆ ಮುಗಿಯುವವರೆಗೆ ನೀರಿನ ಮೂಲ ಬದಲಿಸಬೇಡಿ.

ಅರ್ಲ್ ಗ್ರೇ ಮಾಡಿದ ಪಾತ್ರೇಲಿ ಆಮೇಲೆ ಏನು ಮಾಡಿದ್ರೂ ಅದೇ ವಾಸನೆ. ಹೋಗಿಸೋದು ಹೇಗೆ?

ಎಣ್ಣೆ ಕೂತಿರುವುದು ಪ್ಲಾಸ್ಟಿಕ್, ರಬ್ಬರ್ ವಾಷರ್, ಹೊಳಪು ಲೇಪವಿಲ್ಲದ ಮಣ್ಣು ಅಥವಾ ಹಳೆ ಚಹಾ ಕಲೆಯಲ್ಲಿ. 1 ಲೀಟರ್ ಬಿಸಿ ನೀರಿಗೆ 2 ಚಮಚ ಅಡುಗೆ ಸೋಡಾ ಹಾಕಿ ಒಂದು ಗಂಟೆ ನೆನೆಸಿ, ಉಜ್ಜಿ, ಮುಚ್ಚಳ ತೆಗೆದು ಒಣಗಿಸಿದರೆ ಗಾಜು, ಪಿಂಗಾಣಿ, ಸ್ಟೀಲ್ ಶುದ್ಧವಾಗುತ್ತವೆ. ರಬ್ಬರ್ ವಾಷರ್ ಬದಲಿಸುವುದೇ ವಾಸಿ. ಲೇಪವಿಲ್ಲದ ಮಣ್ಣಿನ ಕೆಟಲಿಗೆ ಬರ್ಗಮಾಟ್ ಹಿಡಿದರೆ ಅದನ್ನು ಅರ್ಲ್ ಗ್ರೇಗೇ ಮೀಸಲಿಡಿ. ಗ್ರೀನ್ ಟೀಗೆ ಬೇರೆ ಜರಡಿ ಇಟ್ಟುಕೊಳ್ಳಿ.

ಎಷ್ಟು ದಿನ ಇಡಬಹುದು? ಫ್ರಿಜ್‌ನಲ್ಲಿ ಇಟ್ರೆ ಒಳ್ಳೇದಾ?

ಗ್ರೀನ್ ಟೀ ಬಿಚ್ಚಿದ ಮೇಲೆ ಒಂದೆರಡು ತಿಂಗಳಲ್ಲಿ ಮುಗಿಸಿ. ಮುಚ್ಚಿದ್ದು ಆರರಿಂದ ಹನ್ನೆರಡು ತಿಂಗಳು ಚೆನ್ನಾಗಿರುತ್ತದೆ. ಬರೀ ಬ್ಲ್ಯಾಕ್ ಟೀ ಎರಡು ವರ್ಷ ತಡೆಯಬಹುದು, ಫ್ಲೇವರ್ ಹಾಕಿದ್ದು ಅಷ್ಟು ತಡೆಯದು. ಸಿಟ್ರಸ್ ಎಣ್ಣೆಯ ಲಿಮೊನೀನ್ ಎಂಬ ಘಮದ ಅಂಶ ಗಾಳಿಗೆ ಉತ್ಕರ್ಷಿಸಿ ಟರ್ಪೆಂಟೈನ್‌ನ ಛಾಯೆ ಬರುತ್ತದೆ. ಅರ್ಲ್ ಗ್ರೇ ವಾರ್ನಿಷ್‌ನಂತೆ ವಾಸನೆ ಬಂದರೆ ಅದು ಹಳೆಯದು.

ಫ್ರಿಜ್ ಒಳ್ಳೆಯದು, ಎರಡು ಷರತ್ತಿನ ಮೇಲೆ. ಪೊಟ್ಟಣ ಗಾಳಿಯಾಡದಂತೆ ಮುಚ್ಚಿರಬೇಕು, ಹೊರತೆಗೆದ ಮೇಲೆ ಕೋಣೆಯ ಉಷ್ಣಕ್ಕೆ ಬರುವವರೆಗೆ ಕೆಲವು ಗಂಟೆ ಬಿಚ್ಚಬಾರದು. ತಣ್ಣಗಿರುವಾಗಲೇ ಬಿಚ್ಚಿದರೆ ತೇವ ಎಲೆಯ ಮೇಲೆ ಕೂತು ವಾರದೊಳಗೆ ಮುಗ್ಗಲಾಗುತ್ತದೆ. ದಿನಾ ತೆಗೆಯುವ ಡಬ್ಬಿಗೆ ಫ್ರಿಜ್ ಬೇಡ. ಫ್ಲೇವರ್ ಟೀ ಮತ್ತು ಗ್ರೀನ್ ಟೀ ಒಂದೇ ಪೆಟ್ಟಿಗೆಯಲ್ಲಿ ಎಂದೂ ಬೇಡ. ಚಹಾ ಎಲೆ ಪಕ್ಕದ ವಾಸನೆಯನ್ನು ಹೀರಿಕೊಳ್ಳುತ್ತದೆ, ಮಲ್ಲಿಗೆ ಚಹಾ ಮಾಡುವುದೇ ಆ ಗುಣದಿಂದ.

## ಇನ್ನೂ ಆಳಕ್ಕೆ

ಟೇಸ್ಟರ್‌ಗಳು ಕುದಿನೀರು, 6 ನಿಮಿಷ ಅಂತಾರೆ. ನೀವು 3 ನಿಮಿಷ ಅಂತೀರಿ. ಯಾವುದು ಸರಿ?

ಎರಡೂ, ಉದ್ದೇಶ ಬೇರೆ. ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಮಾನಕ 100 ಮಿಲಿಗೆ 2 ಗ್ರಾಂ, ಕುದಿಯುವ ನೀರು, 6 ನಿಮಿಷ ಎನ್ನುತ್ತದೆ. ಅದು 1980ರಲ್ಲಿ ಬಂತು, 2019ರಲ್ಲಿ ಪರಿಷ್ಕರಣೆಯಾಯಿತು. ರುಚಿಕರ ಚಹಾ ಮಾಡುವುದು ಅದರ ಗುರಿಯಲ್ಲ. ಎಲ್ಲ ಎಲೆಗೂ ಒಂದೇ ಕಠಿಣ ಪರೀಕ್ಷೆ ಕೊಟ್ಟು ದೋಷ ಹೊರತರುವುದು ಅದರ ಕೆಲಸ. ಇದೇ ವಿಧಾನದ ಬ್ರಿಟಿಷ್ ಮಾನಕಕ್ಕೆ 1999ರಲ್ಲಿ ಸಾಹಿತ್ಯದ ಇಗ್ ನೊಬೆಲ್ ತಮಾಷೆ ಪ್ರಶಸ್ತಿಯೂ ಸಿಕ್ಕಿತು, ಆದರೆ ವಿಧಾನ ಉಪಯುಕ್ತವೇ.

ಒಂದೇ ಜಾತಿಯ ಮೂರು ಚಹಾಗಳಲ್ಲಿ ಯಾವುದರಲ್ಲಿ ದೋಷವಿದೆ ಎಂದು ತಿಳಿಯಲು ಈ ಕಠಿಣ ಸುತ್ತು ಮಾಡಿ. ಯಾವುದನ್ನು ಕೊಳ್ಳಬೇಕು ಎಂಬುದಕ್ಕೆ ಪ್ರತಿಯೊಂದನ್ನೂ ಅದಕ್ಕೆ ಒಪ್ಪುವ ರೀತಿ ಮಾಡಿ ಇನ್ನೊಂದು ಸುತ್ತು. ಫ್ಲೇವರ್ ಬ್ಲ್ಯಾಕ್ ಟೀಗೆ ಈ ಎರಡನೆಯ ಸುತ್ತು 95–100 ಡಿಗ್ರಿ, 3ರಿಂದ 4 ನಿಮಿಷ. ಕಠಿಣ ಸುತ್ತಿನಲ್ಲಿ ಗ್ಯೊಕುರೊ ಕುಡಿದು ಸೋತಿತು ಎಂದು ಬರೆಯುವುದು ಗ್ಯೊಕುರೊದ ತಪ್ಪಲ್ಲ.

ಫ್ಲೇವರ್ ಅಡಿಯಲ್ಲಿರೋ ಬೇಸ್ ಟೀ ಒಳ್ಳೇದಾ ಅಂತ ಪತ್ತೆ ಹಚ್ಚೋದು ಹೇಗೆ?

ಫ್ಲೇವರ್ ಟೀಯಲ್ಲಿ ನಿಜವಾಗಿ ಹೋಲಿಸಬೇಕಾದ್ದು ಇದನ್ನೇ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಉಪಾಯ ಸರಳ: ಎರಡನೆಯ ನೀರು. ಮೇಲ್ಮೈಗೆ ಸಿಂಪಡಿಸಿದ ಎಣ್ಣೆಯ ದೊಡ್ಡ ಪಾಲು ಮೊದಲ ನೀರಿನಲ್ಲೇ ಹೋಗುತ್ತದೆ. 3 ಗ್ರಾಂ ಎಲೆಗೆ 150 ಮಿಲಿ ಕುದಿನೀರು ಹಾಕಿ 2 ನಿಮಿಷಕ್ಕೆ ಸೋಸಿ ಪಕ್ಕಕ್ಕಿಡಿ. ಅದೇ ಎಲೆಗೆ ಮತ್ತೆ 100 ಮಿಲಿ ಹಾಕಿ, ಮುಚ್ಚದೆ 4 ನಿಮಿಷ ಬಿಡಿ. ಈ ಕಪ್ಪಿನಲ್ಲಿ ಉಳಿದಿರುವುದು ಹೆಚ್ಚುಕಡಿಮೆ ಬೇಸ್. ದಪ್ಪ, ಚುರುಕು, ಸಿಹಿ ಛಾಯೆ ಇನ್ನೂ ಇದ್ದರೆ ಎಲೆ ಚೆನ್ನಾಗಿದೆ. ಬಣ್ಣದ ನೀರಿನಂತಿದ್ದರೆ, ಇಲ್ಲವೇ ಕಟ್ಟಿಗೆ ಕುದಿಸಿದಂತಿದ್ದರೆ ಎಸೆನ್ಸ್ ಮುಚ್ಚಿಟ್ಟದ್ದು ಅದನ್ನೇ. ಧೂಳು ದರ್ಜೆಯ ಎಲೆ ಮೊದಲ ನೀರಿನಲ್ಲೇ ಎಲ್ಲವನ್ನೂ ಬಿಡುತ್ತದೆ, ಆದ್ದರಿಂದ ಎಲೆಯ ಗಾತ್ರ ಸರಿಸುಮಾರು ಒಂದೇ ಇರುವವುಗಳ ನಡುವೆ ಮಾತ್ರ ಈ ಹೋಲಿಕೆ ನ್ಯಾಯ. ಹೊಗೆಯ ಚಹಾಗಳಿಗೆ ಇದು ಅಷ್ಟು ಫಲಿಸದು, ಹೊಗೆ ಮೂರನೆಯ ನೀರಿನಲ್ಲೂ ಇರುತ್ತದೆ.

ಅದೇ ತಯಾರಕರ ಫ್ಲೇವರ್ ಇಲ್ಲದ ಬ್ಲ್ಯಾಕ್ ಟೀ ಸಿಕ್ಕರೆ ಪಕ್ಕಕ್ಕಿಟ್ಟುಕೊಳ್ಳಿ. ಒಳ್ಳೆಯ ಅರ್ಲ್ ಗ್ರೇಯಲ್ಲಿ ಬರ್ಗಮಾಟ್ ಮೊದಲು ಬಂದು, ಚಹಾ ಅದರ ಹಿಂದೆಯೇ ಬಂದು ಕೊನೆಯವರೆಗೆ ನಿಲ್ಲಬೇಕು.

ಗ್ರೀನ್ ಟೀಯ ಎರಡನೇ, ಮೂರನೇ ನೀರನ್ನೂ ಹೋಲಿಸಬೇಕಾ?

ಎಲೆಯ ತಾಳಿಕೆ ಗೊತ್ತಾಗುವುದೇ ಅಲ್ಲಿ. ಸೆಂಚಾಕ್ಕೆ ಮೊದಲ ನೀರು 1 ನಿಮಿಷವಾದರೆ ಎರಡನೆಯದು 15 ಸೆಕೆಂಡ್, ಮೂರನೆಯದು 45 ಸೆಕೆಂಡ್, ಪ್ರತಿ ಸಲ ಉಷ್ಣ 5 ಡಿಗ್ರಿ ಏರಿಸಿ. ಎರಡನೆಯದು ಚಿಕ್ಕದು ಏಕೆಂದರೆ ಎಲೆ ಈಗಾಗಲೇ ಬಿಚ್ಚಿಕೊಂಡಿದೆ. ಸುತ್ತುಗಳ ನಡುವೆ ನೀರನ್ನು ಕೊನೆಯ ಹನಿಯವರೆಗೆ ಬಸಿಯಬೇಕು. ತಳದಲ್ಲಿ ಉಳಿದದ್ದು ನೆನೆಯುತ್ತಲೇ ಇದ್ದು ಮುಂದಿನ ಕಪ್ಪನ್ನು ಕಹಿ ಮಾಡುತ್ತದೆ.

ಕಣ್ಣು ಕಟ್ಟಿ ಕೊಟ್ರೆ ವ್ಯತ್ಯಾಸ ಗುರುತಿಸ್ತೀನಾ ಅಂತ ಪರೀಕ್ಷೆ ಮಾಡೋದು ಹೇಗೆ?

ಮೂರು ಕಪ್ ಪರೀಕ್ಷೆ ಮಾಡಿ. ಇನ್ನೊಬ್ಬರು ಮೂರು ಒಂದೇ ರೀತಿಯ ಕಪ್‌ಗಳಲ್ಲಿ ಎರಡಕ್ಕೆ ಒಂದು ಚಹಾ, ಒಂದಕ್ಕೆ ಇನ್ನೊಂದು ಸುರಿದು ಕೊಡಲಿ. ಬೇರೆಯದು ಯಾವುದು ಎಂದು ನೀವು ಹೇಳಬೇಕು. ಊಹೆಯಿಂದಲೇ ಮೂರರಲ್ಲೊಂದು ಸಲ ಸರಿಯಾಗುವುದರಿಂದ ಒಂದು ಸುತ್ತು ಏನನ್ನೂ ಹೇಳದು. ಆರು ಸುತ್ತಿನಲ್ಲಿ ಐದು ಸರಿಯಾದರೆ ವ್ಯತ್ಯಾಸ ನಿಮಗೆ ನಿಜಕ್ಕೂ ತಿಳಿಯುತ್ತಿದೆ: ಬರೀ ಊಹೆಯಿಂದ ಅಷ್ಟು ಬರುವ ಸಂಭವ ನೂರಕ್ಕೆ ಎರಡಕ್ಕಿಂತ ಕಡಿಮೆ. ನಾಲ್ಕು ಸರಿಯಾದರೆ ಸಾಲದು, ಅದಕ್ಕೆ ಸಂಭವ ನೂರಕ್ಕೆ ಹತ್ತು. ಕಪ್‌ಗಳ ಕ್ರಮ ಪ್ರತಿ ಸುತ್ತಿಗೂ ಬದಲಾಗಲಿ, ಚಹಾ ಒಂದೇ ಬಿಸಿಯಲ್ಲಿರಲಿ. ಬಣ್ಣವೇ ಗುಟ್ಟು ಬಿಟ್ಟುಕೊಡುವಂತಿದ್ದರೆ ಕೋಣೆ ಕತ್ತಲಾಗಿಸಿ ಅಥವಾ ಮುಚ್ಚಳದ ಕಪ್ ಬಳಸಿ.

ಗ್ರೀನ್ ಟೀನೂ ಫ್ಲೇವರ್ ಬ್ಲ್ಯಾಕ್ ಟೀನೂ ಒಂದೇ ಪಟ್ಟಿಯಲ್ಲಿ ಅಂಕ ಹಾಕಿದ್ರೆ ತಪ್ಪಾ?

ತಪ್ಪು. ಒಂದೇ ಪಟ್ಟಿಯಲ್ಲಿ ಹಾಕಿದರೆ ಪರಿಮಳ ಜೋರಾಗಿರುವುದು ಯಾವಾಗಲೂ ಗೆಲ್ಲುತ್ತದೆ. ಎರಡು ಹಾಳೆ ಮಾಡಿ. ಗ್ರೀನ್ ಟೀಗೆ ಒಣ ಎಲೆ 10, ಪರಿಮಳ 25, ರುಚಿ 35, ನುಂಗಿದ ಮೇಲೆ ಉಳಿಯುವುದು 20, ನೆನೆದ ಎಲೆ 10. ಫ್ಲೇವರ್ ಟೀಗೆ ಫ್ಲೇವರ್‌ನ ಸಹಜತೆ 25, ಬೇಸ್ ಟೀ 30, ಎರಡರ ಹೊಂದಿಕೆ 25, ತಣಿದ ಮೇಲಿನ ರುಚಿ 20. ಇವು ನಮ್ಮ ಅಂಕಗಳು, ನಿಮಗೆ ಒಪ್ಪುವಂತೆ ಬದಲಿಸಿಕೊಳ್ಳಿ. ಬೇಸ್‌ನ ಅಂಕವನ್ನು ಮಾತ್ರ ತಗ್ಗಿಸಬೇಡಿ.

ಒಂದು ಸಂಜೆಗೆ ಇಷ್ಟೆಲ್ಲ ಕುಡಿದ್ರೆ ನಿದ್ದೆ ಬರುತ್ತಾ? ಮೊದಲ ನೀರು ಚೆಲ್ಲಿದ್ರೆ ಕೆಫೀನ್ ಹೋಗುತ್ತಂತೆ?

240 ಮಿಲಿ ಬ್ಲ್ಯಾಕ್ ಟೀಯಲ್ಲಿ ಸಾಮಾನ್ಯವಾಗಿ 40–50 ಮಿಲಿಗ್ರಾಂ ಕೆಫೀನ್, ಗ್ರೀನ್ ಟೀಯಲ್ಲಿ 30ರ ಆಸುಪಾಸು, ಗಟ್ಟಿಯಾಗಿ ಮಾಡಿದರೆ ಹೆಚ್ಚು. ಎಲ್ಲ ಗ್ರೀನ್ ಟೀಯೂ ಹಗುರ ಎನ್ನುವಂತಿಲ್ಲ, ಗ್ಯೊಕುರೊದಲ್ಲಿ ಕೆಫೀನ್ ಸಾಕಷ್ಟಿದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಮಿಲಿಗ್ರಾಂವರೆಗೆ ಚಿಂತೆಯಿಲ್ಲ. ಉಗುಳಿದರೆ ದೇಹಕ್ಕೆ ಹೋಗುವುದು ತೀರಾ ಅಲ್ಪ. ಮೂವತ್ತು ಸೆಕೆಂಡ್ ನೆನೆಸಿ ಚೆಲ್ಲಿದರೆ ಕೆಫೀನ್ ಎಲ್ಲ ಹೋಗುತ್ತದೆ ಎಂಬುದು ನಿಜವಲ್ಲ, ಬಹುಪಾಲು ಎಲೆಯಲ್ಲೇ ಉಳಿಯುತ್ತದೆ, ಹೋಗುವುದು ಪರಿಮಳ. ಊಟದ ಕಬ್ಬಿಣಾಂಶ ಮೈಗೆ ಹತ್ತುವುದನ್ನು ಚಹಾ ತಗ್ಗಿಸುತ್ತದೆ, ಆದ್ದರಿಂದ ಊಟಕ್ಕೂ ಇದಕ್ಕೂ ನಡುವೆ ಒಂದು ಗಂಟೆಯಾದರೂ ಇರಲಿ. ತೀರಾ ಹಸಿದ ಹೊಟ್ಟೆಯಲ್ಲೂ ಕೂರಬೇಡಿ, ಗಟ್ಟಿ ಗ್ರೀನ್ ಟೀ ಹಲವರಿಗೆ ಹೊಟ್ಟೆ ತೊಳಸುತ್ತದೆ.